ಬೀಳುವ ಹೊತ್ತು

ಬಿದ್ದದ್ದನ್ನೆಲ್ಲ ಎಬ್ಬಿಸಿ ನಿಲ್ಲಿಸುವ ಕನ್ನಡಕ ಎಂದು ಪ್ರವಾಸದ ಕಂಪನಿಯವರು ಜಾಹೀರಾತು ಕೊಟ್ಟಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಜಾಹೀರಾತಿನ ಮಟ್ಟಿಗೆ ಅದೇ ಒಂದು ವಿಶೇಷ. ರೋಮ್ ನಗರದ ಹೊರಗೆ ಎರಡು ಸಾವಿರ ವರ್ಷ ಹಳೆಯದಾದ ಕಲ್ಲುಹಾಸಿನ ದಾರಿ ಇದೆ. ಬ್ಯಾಟರಿ ಸೈಕಲ್ ಹತ್ತಿ, ಆ ಕನ್ನಡಕ ಹಾಕಿಕೊಂಡು ಆ ದಾರಿಯಲ್ಲಿ ಹೊರಟರೆ ಅರ್ಧ ಉಳಿದ ಗೋರಿ ಪೂರ್ತಿಯಾಗುತ್ತಿತ್ತು, ಮೊಂಡುಗಂಬದ ಮೇಲೆ ಚಾವಣಿ ಬಂದು ಕೂರುತ್ತಿತ್ತು. ದೂರದ ಬಯಲಿನಲ್ಲಿ ಎತ್ತರದ ಕಮಾನುಗಳ ಮೇಲೆ ಹಾದುಹೋಗುವ ಹಳೆಯ ನೀರಿನ ಕಾಲುವೆ ಮತ್ತೆ ತುಂಬಿ ಹರಿಯುತ್ತಿತ್ತು. ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಇದರ ಹಿಂದಿನ ಲೆಕ್ಕ ಇಂದುಮತಿಯದು. ರಾಣೆಬೆನ್ನೂರಿನ ಹೆಣ್ಣುಮಗಳು, ಹಳೆಯ ಕಟ್ಟಡಗಳ ಬಿರುಕನ್ನೇ ಓದಿ ಡಾಕ್ಟರೇಟ್ ಮಾಡಿದವಳು. ಹನ್ನೊಂದು ವರ್ಷದಿಂದ ರೋಮಿನಲ್ಲಿದ್ದಳು. ಅವಳ ಲೆಕ್ಕದ ಬುಡ ಸರಳ: ಒಂದು ಕಲ್ಲು ಹೇಗೆ ಬಿತ್ತು ಎಂದು ಗೊತ್ತಾದರೆ ಎಲ್ಲಿಂದ ಬಿತ್ತು ಎಂಬುದೂ ಗೊತ್ತಾಗುತ್ತದೆ. ಕಲ್ಲಿನ ಒಡಕು, ಅದರ ತೂಕ, ಬಿದ್ದಿರುವ ಓರೆ, ಇಷ್ಟು ಕ್ಯಾಮೆರಾಕ್ಕೆ ಸಿಗುತ್ತದೆ. ನೆಲ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದನ್ನು ಸೈಕಲ್ಲುಗಳೇ ಹೇಳುತ್ತಿದ್ದವು. ಮುಂದಿನ ಚಕ್ರದ ಅಚ್ಚಿನಲ್ಲಿ ಕಡಲೆಕಾಳಿನಷ್ಟು ಒಂದು ಸಾಧನ ಕೂರಿಸಿದ್ದರು, ಅದು ನೆಲದ ಅದುರನ್ನು ಕೇಳಿಸಿಕೊಳ್ಳುತ್ತಿತ್ತು. ದಿನಕ್ಕೆ ಅರವತ್ತು ಸೈಕಲ್, ಅದೇ ದಾರಿ, ಮೂರು ವರ್ಷ. ಆ ಬಯಲಿನ ಹೊಟ್ಟೆಯೊಳಗೆ ಏನಿದೆ ಎಂಬುದು ಇಂದುಮತಿಗೆ ಅಂಗೈಯಷ್ಟು ಪರಿಚಯವಾಗಿತ್ತು. ಇದನ್ನೆಲ್ಲ ಸೇರಿಸಿ ಬೀಳುವಿಕೆಯನ್ನು ಹಿಂದಕ್ಕೆ ಓಡಿಸಿದರೆ ಕಲ್ಲು ಮೇಲೇಳುತ್ತದೆ.

ಹಿಂದಕ್ಕೆ ಓಡುವ ಲೆಕ್ಕ ಮುಂದಕ್ಕೂ ಓಡುತ್ತದೆ ಎಂಬುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ, ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ, ಕನ್ನಡಕವನ್ನು ಮನೆಗೆ ತಂದಿದ್ದ ಅವಳು ಬಾಲ್ಕನಿಯಲ್ಲಿ ನಿಂತು ಎದುರು ಮನೆಯನ್ನು ನೋಡಿದಳು. ದಿನಾ ಕಂಪನಿಯ ಸೈಕಲ್ಲಿನಲ್ಲೇ ಓಡಾಡುತ್ತಿದ್ದುದರಿಂದ ಆ ಬೀದಿಯ ನೆಲದ ಲೆಕ್ಕವೂ ಕಂಪನಿಯ ಗಣಕಯಂತ್ರದಲ್ಲಿತ್ತು. ಲೆಕ್ಕವನ್ನು ಮುಂದಕ್ಕೆ ಓಡಿಸಿದಳು. ಎದುರು ಮನೆಯ ಚಾವಣಿಯಂಚಿನ ಕಲ್ಲುಪಟ್ಟಿ ಸದ್ದಿಲ್ಲದೆ ಕಳಚಿ ಬೀದಿಗೆ ಬಿತ್ತು. ಕೆಳಗೆ ಅಂಕಿ ಮೂಡಿತು: ಹತ್ತೊಂಬತ್ತು ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಯುಗಾದಿಯ ಮುಂದಿನ ಚೌಕದಲ್ಲಿ, ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಳು. ಗಂಡ ಪ್ರಭುಲಿಂಗ ಹೋಟೆಲಿನಲ್ಲಿ ಅಡುಗೆ ಮಾಡುವವನು, ಚುಕ್ಕೆ ಯಾತಕ್ಕೆಂದು ಕೇಳಿ, ಅವಳು ಹೇಳಿದ್ದನ್ನು ಕೇಳಿ ನಕ್ಕುಬಿಟ್ಟ.

ಹದಿನೆಂಟನೆಯ ದಿನ ಮಧ್ಯಾಹ್ನ ಆ ಪಟ್ಟಿ ಬಿತ್ತು. ಒಂದು ದಿನ ಮೊದಲೇ. ಕೆಳಗೆ ನಿಲ್ಲಿಸಿದ್ದ ಸ್ಕೂಟರ್ ಅಪ್ಪಚ್ಚಿಯಾಯಿತು, ಅದೃಷ್ಟಕ್ಕೆ ಅದರ ಮೇಲೆ ಯಾರೂ ಕೂತಿರಲಿಲ್ಲ. ಕೈಯಲ್ಲಿ ಸೌಟು ಹಿಡಿದು ಬಾಲ್ಕನಿಗೆ ಓಡಿಬಂದ ಇಂದುಮತಿ ಅಲ್ಲೇ ನೆಲಕ್ಕೆ ಕೂತಳು. ಹೆಮ್ಮೆ ಪಡಬೇಕಾದ ಹೊತ್ತು ಅದು. ಅವಳಿಗೆ ಆದದ್ದು ಬರೀ ಭಯ.

ಆಮೇಲೆ ಮನೆಯ ಬದುಕೇ ಬದಲಾಯಿತು. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದರು. ಮಾರ್ಕೆಟ್ಟಿಗೆ ಹೋಗುವ ದಾರಿ ಬದಲಿಸಿದರು. ನಕ್ಕಿದ್ದ ಪ್ರಭುಲಿಂಗನೇ ಈಗ ಬಾಲ್ಕನಿಗಳ ಕೆಳಗೆ ಹಾಯುವಾಗ ಕತ್ತು ಮೇಲೆತ್ತಿ ನೋಡಿ ಹಾಯುತ್ತಿದ್ದ. ತಾವಿದ್ದ ಮನೆಯನ್ನೂ ಒಮ್ಮೆ ನೋಡಿಬಿಡು ಎಂದು ಅವನು ಒತ್ತಾಯಿಸಿದ, ನೋಡಿದಳು. ಮೂವತ್ತೊಂದು ವರ್ಷ. ಇಬ್ಬರೂ ಸಮಾಧಾನ ಪಟ್ಟುಕೊಂಡರು. ಪಕ್ಕದ ಮುದುಕಿಯ ಮನೆಗೆ ಎಷ್ಟು ವರ್ಷ ಎಂದು ಮಾತ್ರ ಇಬ್ಬರೂ ಕೇಳಿಕೊಳ್ಳಲಿಲ್ಲ. ಕೇಳಿದರೆ ಹೇಳಬೇಕಾಗುತ್ತಿತ್ತು.

ಕಂಪನಿಯ ಮುಖ್ಯಸ್ಥ ತಾರ್ಕ್ವಿನಿಗೆ ಅವಳು ವಿಷಯ ತಿಳಿಸಿದ್ದಳು. ಆತ ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದ. ಪಾಳುಬಿದ್ದದ್ದನ್ನು ನೋಡಲು ಬಂದವನಿಗೆ ಅವನಿಳಿದುಕೊಂಡ ಹೋಟೆಲ್ ಯಾವತ್ತು ಬೀಳುತ್ತದೆ ಎಂದು ತೋರಿಸಿದರೆ ನಾಳೆ ಈ ಊರಿನಲ್ಲಿ ಯಾರು ಕಣ್ಣು ಮುಚ್ಚಿ ಮಲಗುತ್ತಾರೆ ಎಂದು ಕೇಳಿದ. ಒಂದು ದಿನ ಹಿಂದೆಮುಂದೆ ಆಗುವ ಲೆಕ್ಕವನ್ನು ನಂಬಿ ಒಂದು ಬೀದಿ ಖಾಲಿ ಮಾಡಿಸಲು ಆಗುತ್ತದೆಯೇ ಎಂದೂ ಕೇಳಿದ. ಅಳಿಸಿಹಾಕು ಎಂದ. ಇಂದುಮತಿ ಹೂಂ ಎಂದಳು. ಅಳಿಸಲು ಮನಸ್ಸು ಬರಲಿಲ್ಲ, ತಾನೇ ಹೆತ್ತದ್ದು. ಅದನ್ನು ಯಂತ್ರದೊಳಗೆ ಒಂದು ಮೂಲೆಗೆ ತಳ್ಳಿ, ಹೆಸರನ್ನು ಕನ್ನಡದಲ್ಲಿ ಬರೆದಿಟ್ಟಳು: ಬೀಳುವುದು. ಬೀಗ ಹಾಕಲಿಲ್ಲ. ನಲವತ್ತು ಜನರ ಆ ಆಫೀಸಿನಲ್ಲಿ ಕನ್ನಡ ಓದುವವರು ಅವಳೊಬ್ಬಳೇ, ಅದಕ್ಕಿಂತ ದೊಡ್ಡ ಬೀಗ ಯಾವುದಿದೆ ಎಂದುಕೊಂಡಳು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಜೂನ್ ತಿಂಗಳಲ್ಲಿ ಅವಳ ಅಣ್ಣ ಮಹಾರುದ್ರಪ್ಪ ಬಂದ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಸರ್ವೆ ಕಲಿಸಿ ನಿವೃತ್ತನಾದವನು. ಜೊತೆಗೆ ಹೆಂಡತಿ ಸುವರ್ಣಾ, ಮತ್ತೆ ರಾಣೆಬೆನ್ನೂರಿನಲ್ಲಿ ದಿನಾ ಬೆಳಗ್ಗೆ ಒಟ್ಟಿಗೆ ವಾಕಿಂಗ್ ಹೋಗುವ ಆರು ಜನ ಶಿಕ್ಷಕರು, ಅಲ್ಲಿಯ ಮಾತಿನಲ್ಲಿ ಮಾಸ್ತರರು, ಅಕ್ಕೋರು. ಸ್ವಂತ ಅಣ್ಣ ಇಷ್ಟು ದೂರ ಬಂದು ಕಿವಿಯಲ್ಲಿ ಇಂಗ್ಲಿಷ್ ಕೇಳಿಕೊಂಡು ತಿರುಗುವುದೇ? ಇಂದುಮತಿ ಎರಡು ವಾರ ಕೂತು ಪ್ರವಾಸದ ವಿವರಣೆಯನ್ನೆಲ್ಲ ಕನ್ನಡದಲ್ಲಿ ಬರೆದಳು, ತಾನೇ ಓದಿ ದನಿ ಕೊಟ್ಟಳು. ಈ ತಂಡಕ್ಕೆ ಕನ್ನಡದಲ್ಲಿ ಇರುವುದನ್ನೆಲ್ಲ ಕೊಡು ಎಂದು ಯಂತ್ರಕ್ಕೆ ಹೇಳಿದಳು. ಯಂತ್ರ ಹೇಳಿದಷ್ಟನ್ನು ಮಾಡಿತು. ಕನ್ನಡದಲ್ಲಿ ಇದ್ದದ್ದನ್ನೆಲ್ಲ ಹುಡುಕಿ ತಂದು ಕನ್ನಡಕದ ಪಟ್ಟಿಯಲ್ಲಿ ಒಂದರ ಕೆಳಗೊಂದು ಜೋಡಿಸಿತು.

ನಿಯಂತ್ರಣ ಕೊಠಡಿ ಒಂದು ಕಾಲಕ್ಕೆ ಕುದುರೆ ಲಾಯವಾಗಿತ್ತು. ಆ ದಿನ ಬೆಳಗ್ಗೆ ಹತ್ತಕ್ಕೆ ಇಂದುಮತಿ ಅಲ್ಲಿ ಕೂತು ಪರದೆಯ ಮೇಲೆ ಒಂಬತ್ತು ಚುಕ್ಕೆಗಳನ್ನು ನೋಡುತ್ತಿದ್ದಳು. ಮುಂದಿನ ಚುಕ್ಕೆ ಗೈಡ್ ಫಿಯೊರೆಲ್ಲಾ. ಇಪ್ಪತ್ತು ವರ್ಷದಿಂದ ಇದೇ ದಾರಿಯಲ್ಲಿ ಜನರನ್ನು ಕರೆದೊಯ್ಯುತ್ತಿದ್ದ, ಐವತ್ತು ದಾಟಿದ ಹೆಂಗಸು. ಬಂದವರ ಹೆಸರನ್ನು ಸರಿಯಾಗಿ ಹೇಳಲು ಬಾರದಿದ್ದರೆ ಹತ್ತು ಸಲ ಕೇಳಿ ಕಲಿಯುವವಳು. ಮಹಾರುದ್ರಪ್ಪ ಎಂಬುದನ್ನು ಮೂರನೆಯ ಸಲಕ್ಕೇ ಸರಿಯಾಗಿ ಹೇಳಿದ್ದಳು. ಅವಳ ಹಿಂದೆ ಎಂಟು ಚುಕ್ಕೆಗಳು ಎಳೆಗರುಗಳ ಹಾಗೆ ಅತ್ತಿತ್ತ ಹೋಗುತ್ತಿದ್ದವು. ಪೆಡಲ್ ಮುಟ್ಟಿದರೆ ಸಾಕು ತಾನೇ ಓಡುವ ಸೈಕಲ್ ಕಂಡು ಸುವರ್ಣಾ ವೈನಿಗೆ ಹೆದರಿಕೆ. ಮಾಸ್ತರರೊಬ್ಬರು ಗೋರಿಯ ಮುಂದೆ ನಿಂತು, ಬದುಕಿದ್ದಾಗ ಇಂಥ ಮನೆ ಕಟ್ಟಿಸಲು ಆಗಲಿಲ್ಲವಲ್ಲ ಎಂದು ಆ ಸತ್ತ ರೋಮನ್ನನ ಪರವಾಗಿ ಮರುಗುತ್ತಿದ್ದರು. ಇಂದುಮತಿ ಕೇಳುತ್ತ ಒಬ್ಬಳೇ ನಗುತ್ತಿದ್ದಳು.

ಆಗ ಕಿವಿಯಲ್ಲಿ ಅಣ್ಣನ ದನಿ ಬಂತು.

"ಇಂದೂ, ಇದರಾಗ ಕಡೀಕ ‘ಬೀಳುವುದು’ ಅಂತ ಒಂದು ಐತಲ್ಲ. ಏನದು?"

ಮುಟ್ಟಬೇಡ ಎನ್ನುವಷ್ಟರಲ್ಲಿ ಅವನು ಮುಟ್ಟಿಯಾಗಿತ್ತು. ಪಟ್ಟಿಯಲ್ಲಿ ಒಂದು ಗುಂಡಿ ಇದೆ ಎಂದಮೇಲೆ ಅದನ್ನು ಒತ್ತದೆ ಬಿಡುವ ಮನುಷ್ಯನಲ್ಲ ಅವನು. ಅವನ ಕಣ್ಣಿಗೆ ಕಂಡದ್ದು ಅವಳ ಪರದೆಯಲ್ಲೂ ಕಂಡಿತು. ಬಯಲಿನಾಚೆ ನೀರಿನ ಕಾಲುವೆಯ ಕಮಾನುಗಳ ಸಾಲು. ಅದರಲ್ಲಿ ನಡುವಿನ ದೊಡ್ಡ ಕಮಾನಿನ ಎಡಗಾಲು ನೆಲಕ್ಕೆ ಇಳಿಯಿತು, ಕಮಾನು ತಲೆಯಿಂದ ಬಿರಿಯಿತು, ಎರಡು ಅಂತಸ್ತಿನ ಮನೆಯಷ್ಟು ಕಲ್ಲು ಕೆಳಗೆ ಬಂತು. ಅಂಕಿ ಮೂಡಿತು. ದಿನದ ಜಾಗದಲ್ಲಿ ಸೊನ್ನೆಯಿತ್ತು. ಐವತ್ತೆರಡು ನಿಮಿಷ.

ಅದೇ ಕಮಾನಿನ ನೆರಳಿನಲ್ಲಿ ಫಿಯೊರೆಲ್ಲಾ ದಿನಾ ಮೇಜು ಹಾಕಿ ಬಂದವರಿಗೆ ಬ್ರೆಡ್ಡು, ಗಿಣ್ಣು, ಹಣ್ಣು ಕೊಡುತ್ತಿದ್ದಳು. ಇನ್ನು ಇಪ್ಪತ್ತು ನಿಮಿಷಕ್ಕೆ ಅವರು ಅಲ್ಲಿಗೆ ತಲುಪುತ್ತಾರೆ, ಮುಕ್ಕಾಲು ಗಂಟೆ ಕೂರುತ್ತಾರೆ. ಮೂರು ತಿಂಗಳಿಂದ ಇಂದುಮತಿ ಒಂದು ಸಲವೂ ಆ ಕಮಾನನ್ನು ಮುಂದಕ್ಕೆ ಓಡಿಸಿ ನೋಡಿರಲಿಲ್ಲ. ಧೈರ್ಯ ಬಂದಿರಲಿಲ್ಲ ಅಷ್ಟೇ, ಬೇರೆ ನೆಪ ಬೇಡ.

ಸೈಕಲ್ಲುಗಳನ್ನು ಇಲ್ಲಿಂದಲೇ ನಿಲ್ಲಿಸಲು ಕೈ ಚಾಚಿದಳು. ಪರದೆಯನ್ನು ಅವಳ ಹಿಂದೆ ನಿಂತು ತಾರ್ಕ್ವಿನಿಯೂ ನೋಡಿದ್ದ. ಅವನಿಗೆ ಮೊದಲು ಕಂಡದ್ದು ಕಮಾನಲ್ಲ, ಅವಳು ಹೇಳಿದ್ದ ಸುಳ್ಳು. ಕೈ ಅಡ್ಡ ಹಿಡಿದ. ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದ, ತಂಡದ ಜೊತೆಗಿದ್ದ ಸಂಪರ್ಕವನ್ನೇ ಕತ್ತರಿಸಿದ. ಅದರಿಂದ ಆದದ್ದಿಷ್ಟೇ: ಆ ಎಂಟು ಕನ್ನಡಕಗಳನ್ನು ಇನ್ನು ಇಲ್ಲಿಂದ ಆರಿಸಲೂ ಆಗುವಂತಿರಲಿಲ್ಲ. ಅವಳು ಬೇಡಿಕೊಂಡಳು, ಕೂಗಾಡಿದಳು. ಅವನೇನು ಕಟುಕನಲ್ಲ. ಆ ಬಯಲು, ಕಮಾನುಗಳನ್ನು ನೋಡಿಕೊಳ್ಳುವ ಉದ್ಯಾನ ಇಲಾಖೆಯ ಎಂಜಿನಿಯರಿಗೆ ಫೋನ್ ಮಾಡಿದ, ಆತ ಮಧ್ಯಾಹ್ನ ಬಂದು ನೋಡುತ್ತೇನೆಂದ. ಎರಡು ಸಾವಿರ ವರ್ಷ ನಿಂತದ್ದು ಊಟದವರೆಗೆ ನಿಲ್ಲುತ್ತದೆ ಎಂದನಂತೆ. ತಾನೇ ಹೋಗುತ್ತೇನೆಂದು ಇಂದುಮತಿ ಎದ್ದಾಗ, ಫಿಯೊರೆಲ್ಲಾಳ ಮೊಬೈಲಿಗೂ ತಾರ್ಕ್ವಿನಿ ಫೋನ್ ಮಾಡಿದ, ಕಮಾನಿನ ಮಾತನ್ನು ಮಾತ್ರ ಎತ್ತಲಿಲ್ಲ. ಇಂದುಮತಿ ಅಲ್ಲಿಗೆ ಬರುತ್ತಿದ್ದಾಳೆ, ಅವಳ ಮನೆಯವರದ್ದು ಏನೋ ಕೌಟುಂಬಿಕ ವಿಷಯ, ಸ್ವಲ್ಪ ಏಕಾಂತ ಕೊಡು ಎಂದ. ಈ ಜಗಳದಲ್ಲೇ ಇಪ್ಪತ್ತು ನಿಮಿಷ ಕಳೆದಿತ್ತು. ಅವಸರದಲ್ಲಿ ಇಂದುಮತಿಯ ಮೊಬೈಲ್ ಮೇಜಿನ ಮೇಲೇ ಉಳಿಯಿತು. ಅಂಗಳದಲ್ಲಿ ನಿಂತಿದ್ದ ಒಂದು ಸೈಕಲ್ ಹತ್ತಿದವಳು ಹಿಂದೆ ತಿರುಗಿ ನೋಡಲಿಲ್ಲ.

ಆರು ಕಿಲೋಮೀಟರ್. ಆ ದಾರಿಯ ಕರಿಗಲ್ಲುಗಳು ರೋಮನ್ನರ ಗಾಡಿಗಾಲಿಗೆ ಸವೆದು ಗುಂಡಗಾಗಿವೆ, ಸೈಕಲ್ ಹಲ್ಲು ಕಡಿಸುವಂತೆ ಕುಣಿಯುತ್ತದೆ. ಪ್ರವಾಸಿಗರು ದಾರಿ ಬಿಡಲಿಲ್ಲ, ಅವಳು ಹುಲ್ಲಿಗೆ ಇಳಿದು ಮತ್ತೆ ಹತ್ತಿದಳು. ಎದುರು ಮನೆಯ ಕಲ್ಲುಪಟ್ಟಿ ಒಂದು ದಿನ ಮೊದಲೇ ಬಿದ್ದಿತ್ತು ಎಂಬ ಒಂದೇ ಯೋಚನೆ ತಲೆಯಲ್ಲಿ ಗಿರಗುಟ್ಟುತ್ತಿತ್ತು. ಹತ್ತೊಂಬತ್ತು ದಿನಕ್ಕೆ ಒಂದು ದಿನ ತಪ್ಪಾದರೆ ಐವತ್ತು ನಿಮಿಷಕ್ಕೆ ಎಷ್ಟು? ಎರಡೂವರೆ ನಿಮಿಷ ಎಂದು ಮನಸ್ಸು ಹೇಳಿತು. ಹಾಗೆಲ್ಲ ಭಾಗಿಸಲು ಬರುವುದಿಲ್ಲ ಎಂದು ಕಲಿತ ವಿದ್ಯೆ ಹೇಳಿತು. ತಾನು ತಲುಪುವ ಮೊದಲೇ ಅಲ್ಲಿ ಎಲ್ಲ ಮುಗಿದಿರಬಹುದು. ಮರಗಳ ಸಾಲು ಮುಗಿದು ಬಯಲು ತೆರೆದಾಗ ಮೊದಲು ಕಮಾನು ನೋಡಿದಳು. ನಿಂತಿತ್ತು. ಅಳು ಬಂತು.

ಕಮಾನಿನ ಕೆಳಗೆ ಕಂಡದ್ದನ್ನು ಅವಳು ಮುಂದೆ ಯಾರಿಗೂ ಸರಿಯಾಗಿ ಹೇಳಲಾರದೆ ಹೋದಳು. ಬಿಳಿ ಬಟ್ಟೆ ಹಾಸಿದ ಮೇಜು. ಸುತ್ತ ಮಡಚುಕುರ್ಚಿಗಳಲ್ಲಿ ಎಂಟು ಜನ, ಎಂಟೂ ಜನರ ಕಣ್ಣಿಗೆ ಕನ್ನಡಕ, ಎಂಟು ಕತ್ತೂ ಮೇಲಕ್ಕೆ. ಮಹಾರುದ್ರಪ್ಪ ಎಲ್ಲರಿಗೂ ಆ ಗುಂಡಿಯನ್ನು ತೋರಿಸಿಕೊಟ್ಟಿದ್ದ. ತಮ್ಮ ನೆತ್ತಿಯ ಮೇಲಿನ ಕಮಾನು ಬೀಳುವುದನ್ನು ಅವರು ನೋಡುತ್ತಿದ್ದರು, ಬಿದ್ದು ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡುತ್ತಿದ್ದರು. ಕಲ್ಲು ಮೈಮೇಲೆ ಬಂದಾಗ ಅಕ್ಕೋರಿಬ್ಬರು ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಹಾರುದ್ರಪ್ಪ ಎದ್ದು ನಿಂತು, ಕ್ಲಾಸಿನಲ್ಲಿ ಇದ್ದಂತೆ ಬೆರಳು ತೋರಿಸಿ, ಮೊದಲು ಎಡಗಾಲು ಇಳಿಯುವುದನ್ನು ಗಮನಿಸಬೇಕು ಎಂದು ವಿವರಿಸುತ್ತಿದ್ದ. ನಿಜವಾದ ಒಂದು ಚಿಟಿಕೆ ಮಣ್ಣು ಮೇಲಿನಿಂದ ಉದುರಿ ಬ್ರೆಡ್ಡಿನ ಮೇಲೆ ಬಿತ್ತು. ಯಾರೂ ನೋಡಲಿಲ್ಲ. ಕನ್ನಡಕದೊಳಗೆ ಅದಕ್ಕಿಂತ ಹೆಚ್ಚು ಮಣ್ಣು ಉದುರುತ್ತಿತ್ತು.

ಫಿಯೊರೆಲ್ಲಾ ಇವಳನ್ನು ಕಂಡು ಕೈಯೆತ್ತಿದಳು. ಮುಖ್ಯಸ್ಥ ಹೇಳಿದ್ದು ನೆನಪಿತ್ತು. ಹಣ್ಣಿನ ಬುಟ್ಟಿ, ಚಾಕು ಎತ್ತಿಕೊಂಡು, ಮನೆಯವರ ಮಾತಿನ ನಡುವೆ ತಾನೇಕೆ ಎಂಬಂತೆ ಎಡಗಾಲಿನ ಆಚೆ ಮಗ್ಗುಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು.

ಇಂದುಮತಿ ಸೈಕಲ್ ಬಿಸಾಕಿ ಬಂದು ಅಣ್ಣನ ಕಣ್ಣಿನಿಂದ ಕನ್ನಡಕ ಕಿತ್ತಳು.

"ಅಣ್ಣಾ, ಇದು ಆಟ ಅಲ್ಲ. ಇದು ಖರೇನ ಬೀಳ್ತೈತಿ. ಈಗ."

ಅವನು ಸಿಟ್ಟಾಗಲಿಲ್ಲ. ತಂಗಿಯ ಮುಖ ನೋಡಿದ. ಚಿಕ್ಕಂದಿನಿಂದ ಅವಳು ಸುಳ್ಳು ಹೇಳುವಾಗಿನ ಮುಖವೂ ಗೊತ್ತು, ಹೆದರಿದಾಗಿನ ಮುಖವೂ ಗೊತ್ತು.

"ನಿನ್ನ ಲೆಕ್ಕಾ?"

"ನಂದ."

"ತಪ್ಪು ಎಷ್ಟು ಬರ್ತೈತಿ?"

"ಎಷ್ಟರ ಬರಬಹುದು. ಮದ್ಲ ಬೀಳಬಹುದು."

ಸರ್ವೆ ಮಾಸ್ತರನಿಗೆ ಅಷ್ಟು ಸಾಕಾಯಿತು. ಎಲ್ಲರೂ ಕನ್ನಡಕ ತೆಗೆಯಿರಿ, ಏಳಿರಿ ಎಂದ. ಅವರು ತಮಾಷೆಯ ಮುಂದಿನ ಭಾಗ ಇದು ಎಂದುಕೊಂಡು ಕೂತೇ ಇದ್ದರು. ಆಗ ಇಂದುಮತಿ ಕೂಗಿದಳು. ಗಂಟಲು ಹರಿಯುವಂತೆ, ಒಂದಲ್ಲ, ಮೂರು ನಾಲ್ಕು ಸಲ ಕೂಗಿದಳು.

"ಎಲ್ಲಾರೂ ಹೊರಗ ಬರ್ರಿ. ಕಮಾನು ಬೀಳಾಕತ್ತೈತಿ."

ಕುರ್ಚಿಗಳು ಉರುಳಿದವು. ಮಾಸ್ತರರು ಎದ್ದರು, ಅಕ್ಕೋರು ಚಪ್ಪಲಿ ಬಿಟ್ಟು ಓಡಿದರು. ಒಬ್ಬರು ಕನ್ನಡಕ ತೆಗೆಯದೆ ಓಡಿ ಮೇಜಿಗೆ ಡಿಕ್ಕಿ ಹೊಡೆದರು, ಮಹಾರುದ್ರಪ್ಪ ಅವರ ರಟ್ಟೆ ಹಿಡಿದು ಎಳೆದೊಯ್ದ. ಸುವರ್ಣಾ ಮಾತ್ರ ಕುರ್ಚಿಯ ಕೈ ಹಿಡಿದುಕೊಂಡು ಅಲುಗಾಡಲಿಲ್ಲ. ಕನ್ನಡಕ ತೆಗೆದಿದ್ದಳು, ಕಣ್ಣು ಬಿಟ್ಟಿದ್ದಳು.

"ವೈನಿ, ಏಳ್ರಿ."

"ತಗದೇನಲ್ಲ ಇಂದೂ," ಎಂದಳು ಸುವರ್ಣಾ ಮೇಲೆ ನೋಡುತ್ತ. "ತಗದ್ರೂ ಬೀಳೂದು ಕಾಣಾಕತ್ತೈತಿ."

ಇಂದುಮತಿ ಅವಳನ್ನು ಸೊಂಟಕ್ಕೆ ತಬ್ಬಿ ಎತ್ತಿ ಎಳೆದಳು. ಇಬ್ಬರೂ ಬಿದ್ದು, ಎದ್ದು, ಹುಲ್ಲಿನ ಮೇಲೆ ಮತ್ತೆ ಬಿದ್ದರು. ಬಿದ್ದಲ್ಲಿಂದ ಇಂದುಮತಿ ತಿರುಗಿ ನೋಡಿದಾಗ ಎಡಗಾಲಿನ ಆಚೆಯಿಂದ ಫಿಯೊರೆಲ್ಲಾ ಇಣುಕಿದಳು. ಕೈಯಲ್ಲಿ ಅರ್ಧ ಸುಲಿದ ಹಣ್ಣು. ಗದ್ದಲ ಕೇಳಿ ಎದ್ದು ಬಂದಿದ್ದಳು. ಏಳು ಜನ ಓಡುವುದನ್ನು, ಇಬ್ಬರು ಹೆಂಗಸರು ತಬ್ಬಿಕೊಂಡು ಬಿದ್ದಿರುವುದನ್ನು ನೋಡಿದಳು. ಮನೆ ಎಂದ ಮೇಲೆ ಇಂಥದೆಲ್ಲ ಇದ್ದದ್ದೇ ಎಂಬಂತೆ, ಸ್ವಲ್ಪ ನಾಚಿಕೊಂಡು ನಕ್ಕಳು. ಚಾಕು ಹಿಡಿದ ಕೈಯನ್ನು ನಿಧಾನಕ್ಕೆ ಆಡಿಸಿ, ಅವಸರವಿಲ್ಲ, ಮಾತು ಮುಗಿಸಿಕೊಳ್ಳಿ ಎಂದು ಸನ್ನೆ ಮಾಡಿದಳು.

ಇಂದುಮತಿ ಬಾಯಿ ತೆರೆದಳು. ಕೂಗಿದಳು ಕೂಡ. ಮತ್ತೆ ಅದೇ ಮಾತು, ಅದೇ ಭಾಷೆಯಲ್ಲಿ.

ಲೆಕ್ಕದ ಪ್ರಕಾರ ಇನ್ನೂ ಎಂಟು ನಿಮಿಷ ಇತ್ತು. ಎಡಗಾಲು ಮೊದಲು ಇಳಿಯಿತು.

ದೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ರಾಣೆಬೆನ್ನೂರಿನ ಎಂಟೂ ಜನರಿಗೆ ತರಚುಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಊರಿಗೆ ಮರಳಿದ ಮೇಲೆ ಸುವರ್ಣಾ ಮನೆಯೊಳಗೆ ಮಲಗಲು ಒಪ್ಪಲಿಲ್ಲ, ಅಂಗಳದಲ್ಲಿ ಹಾಸಿಗೆ ಹಾಕಿಸಿಕೊಂಡಳು. ಮಹಾರುದ್ರಪ್ಪ ಫೋನ್ ಮಾಡಿದಾಗಲೆಲ್ಲ ತಂಗಿಗೆ, ನೀನು ಎಂಟು ಜೀವ ಉಳಿಸಿದವಳು ಎಂದು ಹೇಳುತ್ತಿದ್ದ. ಪ್ರಭುಲಿಂಗನೂ ಅದನ್ನೇ ಹೇಳಿದ. ಅವಳು ಯಾರ ಮಾತನ್ನೂ ಬೇಡವೆನ್ನಲಿಲ್ಲ.

ಜುಲೈ ತಿಂಗಳಲ್ಲಿ ಫಿಯೊರೆಲ್ಲಾಳ ಸಾವಿನ ವಿಚಾರಣೆ ನಡೆಯಿತು. ಲೆಕ್ಕವನ್ನು ಅಳಿಸದೆ ಇಟ್ಟದ್ದನ್ನು, ಎಲ್ಲಿ, ಹೇಗೆ ಇಟ್ಟಳು ಎಂಬುದನ್ನು ಇಂದುಮತಿ ಮುಚ್ಚುಮರೆಯಿಲ್ಲದೆ ಹೇಳಿದಳು. ಸಂಪರ್ಕ ಕತ್ತರಿಸಿದ್ದನ್ನು ತಾರ್ಕ್ವಿನಿಯೂ ಒಪ್ಪಿಕೊಂಡ, ಒಪ್ಪಿಕೊಳ್ಳುವಾಗ ಅತ್ತ. ಅಧಿಕಾರಿ ವಯಸ್ಸಾದವನು, ಸಾವಧಾನದ ಮನುಷ್ಯ. ಎಂಟು ಸಾಕ್ಷಿಗಳೂ ನೀವು ಸ್ಪಷ್ಟವಾಗಿ, ಜೋರಾಗಿ ಎಚ್ಚರಿಕೆ ಕೊಟ್ಟಿರೆಂದು ಹೇಳಿದ್ದಾರೆ, ಅದು ನಿಮ್ಮ ಪರವಾಗಿದೆ ಎಂದ. ದಾಖಲೆಗೆ ಬೇಕು, ಆಗ ಆಡಿದ ಮಾತನ್ನು ಆಡಿದಂತೆಯೇ ಹೇಳಿ ಎಂದ.

"ಎಲ್ಲಾರೂ ಹೊರಗ ಬರ್ರಿ," ಎಂದಳು ಇಂದುಮತಿ. "ಕಮಾನು ಬೀಳಾಕತ್ತೈತಿ."

ಅಧಿಕಾರಿ ಪೆನ್ನು ಹಿಡಿದವನು ಬರೆಯಲಿಲ್ಲ. ತಲೆಯೆತ್ತಿ ಅವಳನ್ನು ನೋಡಿದ. ಅವನಿಗೆ ಒಂದಕ್ಷರವೂ ತಿಳಿದಿರಲಿಲ್ಲ, ತಿಳಿಯಲಿಲ್ಲವೆಂಬ ಬೇಸರವೂ ಇರಲಿಲ್ಲ. ಸ್ವಲ್ಪ ನಕ್ಕು, ಅವಸರವಿಲ್ಲ ಎಂಬಂತೆ ಕಾದ.

ಇಂದುಮತಿ ಅದನ್ನೇ ಇಟಾಲಿಯನ್ ಭಾಷೆಯಲ್ಲಿ ಹೇಳಿದಳು. ಹನ್ನೊಂದು ವರ್ಷದಿಂದ ಆಡುತ್ತಿದ್ದ ಭಾಷೆ, ಎಲ್ಲೂ ತಡವರಿಸಲಿಲ್ಲ. ಹೇಳಿ ಮುಗಿಸಲು ಎರಡು ಸೆಕೆಂಡು ಹಿಡಿಯಿತು.